ಕಾಣುವ ಒಡಲು, ನುಡಿಯುವ ಅಂಚು

ಜೆ.ಪಿ. ನಗರ, ಬಿಟಿಎಂ ಲೇಔಟ್, ಬನಶಂಕರಿಯ ಯಾವ ಮುಖ್ಯರಸ್ತೆಗೆ ಹೋದರೂ ಅಕ್ರಿಲಿಕ್ ಕಣ್ಣಿಗೆ ಬೀಳುತ್ತದೆ. ಅಂಗಡಿಯ ನೆತ್ತಿಯ ಮೇಲೆ ಬೆಳಗುವ ಅಕ್ಷರಗಳು, ಕ್ಲಿನಿಕ್ಕಿನ ಬಾಗಿಲಿನ ಹೆಸರುಫಲಕ, ಮೊಬೈಲ್ ಅಂಗಡಿಯ ಸ್ಟ್ಯಾಂಡು, ಎಲ್ಲವೂ ಅದರದೇ. ಬೋರ್ಡು ಮಾಡುವವರು ಅದನ್ನು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಶೀಟುಗಳಲ್ಲಿ ತರಿಸಿ, ಲೇಸರ್ ಯಂತ್ರದಲ್ಲಿ ಕತ್ತರಿಸಿ, ಕ್ಲೋರೋಫಾರಂ ಹಚ್ಚಿ ಅಂಟಿಸುತ್ತಾರೆ. ಇದೇ ಶೀಟನ್ನು ಬಿಸಿ ಮಾಡಿ ಸುತ್ತಿದರೆ ಡ್ರಮ್ ಸೆಟ್ಟಿನ ಒಡಲಾಗುತ್ತದೆ. ವೇದಿಕೆಯ ದೀಪ ಅದರೊಳಗೆ ಹಾದು ಹೋಗುತ್ತದೆ, ಬಾರಿಸುವವರ ಕಾಲು ಪೆಡಲು ತುಳಿಯುವುದು ಆಚೆಯಿಂದ ಕಾಣುತ್ತದೆ.

ಸೊಗಸು ಸರಿ. ಆದರೆ ವಾದ್ಯ ಬಲ್ಲವರು ಕೂಡಲೇ ಕೇಳುವುದು ಬೇರೆ ಪ್ರಶ್ನೆ: ಮರ ಹೋದಮೇಲೆ ನಾದ ಉಳಿಯುತ್ತದೆಯೇ? ಇದಕ್ಕೆ ಉತ್ತರ ಕೊಡಬೇಕಾದರೆ ಮರ ಅಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು. ವಾದ್ಯದಲ್ಲಿ ಒಂದು ವಸ್ತು ಮಾಡುತ್ತಿದ್ದ ಕೆಲಸವನ್ನು ಅರಿತವರು ಆ ವಸ್ತುವನ್ನು ಬದಲಿಸಬಹುದು, ಅರಿಯದವರು ಬದಲಿಸಿದರೆ ವಾದ್ಯ ಕೆಡುತ್ತದೆ. ಈ ಅಧ್ಯಾಯದ ಮಾತು ಇಷ್ಟೇ. ಅದನ್ನು ಹೇಳಲು ಬೆಂಗಳೂರಿಗಿಂತ ತಕ್ಕ ಊರು ಸಿಗುವುದು ಕಷ್ಟ. ಚರ್ಮವಾದ್ಯದ ನಾದವನ್ನು ಬಿಡಿಸಿ ತೋರಿಸಿದ ಪ್ರಬಂಧವೊಂದು ಅಚ್ಚಾದದ್ದು ಇಲ್ಲಿ, ಚರ್ಮವೂ ಮರವೂ ಇಲ್ಲದ ಮೃದಂಗ ಹುಟ್ಟಿದ್ದೂ ಇಲ್ಲೇ.

ಬಿಗಿದ ಪೊರೆಯ ಗೊಂದಲ

ತಂಬೂರಿಯ ತಂತಿ ಮೀಟಿದಾಗ ಹುಟ್ಟುವ ಸ್ವರಗಳು ಶಿಸ್ತಿನವು. ಮೂಲಸ್ವರ 100 ಹರ್ಟ್ಜ್ ಇದ್ದರೆ ಅದರ ಜೊತೆಗೆ 200, 300, 400 ಹೀಗೆ ಪೂರ್ಣ ಗುಣಕಗಳಲ್ಲಿ ಉಪಸ್ವರಗಳು ಏಳುತ್ತವೆ. ನಮ್ಮ ಕಿವಿ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಇಂಪಾದ ಶ್ರುತಿಯಾಗಿ ಕೇಳಿಸಿಕೊಳ್ಳುತ್ತದೆ. ದುಂಡಗೆ ಬಿಗಿದ ಪೊರೆ ಹಾಗಲ್ಲ. ಅದರ ಮೂಲ ಕಂಪನವನ್ನು 1 ಎಂದು ಹಿಡಿದರೆ ಮುಂದಿನವು 1.59, 2.14, 2.30, 2.65, 2.92 ಹೀಗೆ ಸಾಗುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ಬರಿಯ ಪೊರೆಗೆ ಹೊಡೆದರೆ ಸದ್ದು ಬರುತ್ತದೆ, ಸ್ಪಷ್ಟವಾದ ಶ್ರುತಿ ಬರುವುದಿಲ್ಲ.

ಹಾಗಾದರೆ ಮೃದಂಗ, ತಬಲಾ ಶ್ರುತಿಗೆ ಕೂಡುವುದು ಹೇಗೆ? ಸಿ.ವಿ. ರಾಮನ್ ಅವರನ್ನು ಕಾಡಿದ ಪ್ರಶ್ನೆ ಇದು. 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರ್ ಅವರ ಜೊತೆ ಸೇರಿ ‘ನೇಚರ್’ ಪತ್ರಿಕೆಗೆ ಈ ಬಗ್ಗೆ ಪುಟ್ಟ ಬರಹ ಕಳಿಸಿದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ಅವರ ವಿಸ್ತಾರವಾದ ಪ್ರಬಂಧ ಬಂತು. ನೊಬೆಲ್ ಬಂದು ನಾಲ್ಕು ವರ್ಷವಾಗಿದ್ದರೂ ಮೃದಂಗದ ಮೇಲಿನ ಕುತೂಹಲ ಅವರನ್ನು ಬಿಟ್ಟಿರಲಿಲ್ಲ.

ರಾಮನ್ ಮೃದಂಗದ ಮುಚ್ಚಿಗೆಯ, ಅಂದರೆ ಬಾರಿಸುವ ಚರ್ಮದ, ಮೇಲೆ ನಯವಾದ ಮರಳು ಉದುರಿಸಿ ಬಾರಿಸಿ ನೋಡಿದರು. ಪೊರೆ ಅಲುಗುವ ಕಡೆಯಿಂದ ಮರಳು ಜಿಗಿದು ಅಲುಗದ ಗೆರೆಗಳಲ್ಲಿ ಹೋಗಿ ನಿಲ್ಲುತ್ತದೆ. ಕಂಪನದ ನಕ್ಷೆ ಕಣ್ಣಿಗೇ ಕಾಣುತ್ತದೆ. ಅವರು ಕಂಡುಕೊಂಡದ್ದೇನೆಂದರೆ, ಬಲ ಮುಚ್ಚಿಗೆಯ ನಡುವಿನ ಕಪ್ಪು ಕರಣೆ ಪೊರೆಯ ಹಂಚಿಹೋದ ಕಂಪನಗಳನ್ನು ಎಳೆದು ತಂದು ಸಾಲಾಗಿ ನಿಲ್ಲಿಸುತ್ತದೆ. ಬೇರೆ ಬೇರೆಯಾಗಿ ಕೇಳಬೇಕಿದ್ದ ಒಂಬತ್ತು ಬಗೆಯ ಕಂಪನಗಳು ಐದು ಗುಂಪಾಗಿ 1, 2, 3, 4, 5ರ ಅನುಪಾತಕ್ಕೆ ಬಂದು ಕೂರುತ್ತವೆ. ಚರ್ಮದ ವಾದ್ಯ ತಂತಿಯ ಶಿಸ್ತಿಗೆ ಬರುತ್ತದೆ. ಉಂಗುರ ಬೆರಳನ್ನು ಕರಣೆಯ ಮೇಲೆ ಹಗುರವಾಗಿ ಊರಿ, ತೋರುಬೆರಳಿನಿಂದ ಅಂಚಿಗೆ ‘ನಂ’ ಎಂದು ಹೊಡೆಯುವಾಗ ಮೃದಂಗದ ವಿದ್ಯಾರ್ಥಿ ಮೂಲ ಕಂಪನವನ್ನು ಅಡಗಿಸಿ ಎರಡನೆಯದನ್ನು ಎಬ್ಬಿಸುತ್ತಿರುತ್ತಾನೆ. ಊರಿದ ಬೆರಳು ಇರುವುದು ಅಲುಗದ ಗೆರೆಯ ಮೇಲೆ.

ಕರಣೆ ಎಂದರೆ ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದ ಜೊತೆ ಮಿದ್ದು, ತೆಳ್ಳಗೆ ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ನಯವಾದ ಕಲ್ಲಿನಿಂದ ಉಜ್ಜಿ ಕೂರಿಸಿದ ಲೇಪ. ಇದನ್ನು ಕಂಡುಹಿಡಿದವರ ಹೆಸರು ಯಾವ ಸಂಪುಟದಲ್ಲೂ ಇಲ್ಲ. ಚರ್ಮ ಹದಮಾಡಿ ವಾದ್ಯ ಕಟ್ಟುವ ಕುಟುಂಬಗಳು ತಲೆತಲಾಂತರದಿಂದ ಕಿವಿಯಲ್ಲೇ ಅಳೆದು ಅದನ್ನು ಈ ಹದಕ್ಕೆ ತಂದವು. ರಾಮನ್ ಮರಳಿನಲ್ಲಿ ಓದಿದ್ದು ಅವರ ಕೈ ಬರೆದ ವಿಜ್ಞಾನವನ್ನು.

ಚರ್ಮ ಬಿಟ್ಟ ಮೃದಂಗ

ಬೆಂಗಳೂರಿನ ಎಂಜಿನಿಯರ್, ಕರ್ನಾಟಕ ಸಂಗೀತದ ಗಾಯಕ ಡಾ. ಕೆ. ವರದರಂಗನ್ ಈ ತಿಳಿವಳಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಕರಣೆಯ ಕೆಲಸ ಪೊರೆಯ ನಡುವೆ ಲೆಕ್ಕಾಚಾರದ ತೂಕ ಹೊರಿಸುವುದು, ಮರದ ಕೆಲಸ ಪೊರೆಯನ್ನು ಅಲುಗದೆ ಹಿಡಿದು ಒಳಗಿನ ಗಾಳಿಗೆ ಆಕಾರ ಕೊಡುವುದು ಎಂದಾದರೆ, ಇವೆರಡನ್ನೂ ಬೇರೆ ವಸ್ತುವಿನಿಂದ ಮಾಡಿಸಬಹುದಲ್ಲವೇ? ಅವರ ‘ಶ್ರೀ ಮೃದಂಗ’ದ ಒಡಲು ಹಲಸಿನ ಮರದ್ದಲ್ಲ, ಫೈಬರ್ ಗ್ಲಾಸಿನದು. ಮುಚ್ಚಿಗೆಗಳು ಸಿಂಥೆಟಿಕ್ ಹಾಳೆಯವು. ಬಾರುಗಳ ಜಾಗದಲ್ಲಿ ನಟ್ಟು, ಬೋಲ್ಟುಗಳಿವೆ. ಸ್ಪ್ಯಾನರ್ ತಿರುಗಿಸಿ ಶ್ರುತಿ ಮಾಡಬಹುದು.

ಇದರ ಲಾಭ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಚರ್ಮ ತೇವ ಹೀರಿದರೆ ಸಡಿಲಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ತಮಟೆಯವರು ಬಾರಿಸುವ ಮುನ್ನ ಹುಲ್ಲು, ಕಾಗದ ಹೊತ್ತಿಸಿ ಕಾಯಿಸುವುದು ಇದೇ ಕಾರಣಕ್ಕೆ. ಬೆಂಕಿ ಚರ್ಮದ ತೇವ ತೆಗೆದು ಬಿಗುವನ್ನೂ ಶ್ರುತಿಯನ್ನೂ ಏರಿಸುತ್ತದೆ. ಸಿಂಥೆಟಿಕ್ ಹಾಳೆ ತೇವಕ್ಕೆ ಹೆಚ್ಚು ಜಗ್ಗುವುದಿಲ್ಲ. ಪಾಶ್ಚಾತ್ಯ ಡ್ರಮ್ಮುಗಳಲ್ಲಿ ಈ ಬದಲಾವಣೆ 1950ರ ದಶಕದ ಕೊನೆಗೆ ಆಗಿಹೋಯಿತು. ಕರುವಿನ ಚರ್ಮದ ಜಾಗಕ್ಕೆ ಪಾಲಿಯೆಸ್ಟರ್ ಹಾಳೆ ಬಂತು. ಇವತ್ತು ಆರ್ಕೆಸ್ಟ್ರಾದ ಡ್ರಮ್ ಸೆಟ್ಟಿನಲ್ಲಿ ಕಾಣುವ ‘ಹೆಡ್’ ಇದೇ ಹಾಳೆ.

ಇಂಥ ಪ್ರಯೋಗಗಳಿಗೆ ಕಿವಿಗೊಡುವವರೂ ಬೆಂಗಳೂರಿನಲ್ಲಿದ್ದಾರೆ. ಇಲ್ಲಿನ ಜಯನಗರ, ಬನಶಂಕರಿಗಳಲ್ಲಿ ಲಯವಾದ್ಯಕ್ಕೆ ಮೊದಲಿಂದಲೂ ಮನ್ನಣೆಯಿದೆ. ಪಕ್ಕವಾದ್ಯ ಎಂದು ಬದಿಗೆ ಕೂರುತ್ತಿದ್ದ ಮೃದಂಗ, ಘಟ, ಖಂಜಿರಗಳಿಗೇ ಮೀಸಲಾದ ‘ಪರ್ಕಸಿವ್ ಆರ್ಟ್ಸ್ ಸೆಂಟರ್’ ಬೆಳೆದದ್ದು ಜಯನಗರದಲ್ಲಿ, ಬೆಂಗಳೂರು ಕೆ. ವೆಂಕಟರಾಮ್ ಅವರ ಶ್ರದ್ಧೆಯಿಂದ. ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ತಂಡ 1983ರಲ್ಲಿ ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿತು. ಲಯದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲು ಹೇಳುವ ನಾಲಿಗೆಗೂ ಜ್ಯಾಝ್ ಬ್ಯಾಂಡಿನ ಕಿವಿಗೂ ನಂಟು ಬೆಳೆದ ಊರಿನಲ್ಲಿ, ಡ್ರಮ್ಮಿನ ಒಡಲನ್ನು ಯಾವುದರಿಂದ ಮಾಡಬೇಕೆಂಬ ಪ್ರಶ್ನೆ ಸಹಜವಾದದ್ದೇ.

25 ಗ್ರಾಂ ಪೊರೆ, 1.3 ಕೆ.ಜಿ. ಒಡಲು

ಅಕ್ರಿಲಿಕ್ ಹೊಸದಲ್ಲ. ಇದರ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. 1933ರಲ್ಲಿ ಜರ್ಮನಿಯ ಓಟೊ ರೋಮ್ ಅವರ ಕಂಪನಿ ಇದನ್ನು ‘ಪ್ಲೆಕ್ಸಿಗ್ಲಾಸ್’ ಹೆಸರಿನಲ್ಲಿ ತಂದಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯಾಯಿತು, ಯುದ್ಧದ ನಂತರ ಕಣ್ಣಿನ ಪೊರೆ ತೆಗೆದಮೇಲೆ ಒಳಗೆ ಕೂರಿಸುವ ಮೊದಲ ಕೃತಕ ಮಸೂರವೂ ಆಯಿತು. ಅಮೆರಿಕದ ಲಡ್ವಿಗ್ ಕಂಪನಿ 1972ರಲ್ಲಿ ‘ವಿಸ್ಟಾಲೈಟ್’ ಎಂಬ ಅಕ್ರಿಲಿಕ್ ಡ್ರಮ್ ಸೆಟ್ಟುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಲೆಡ್ ಝೆಪೆಲಿನ್ ತಂಡದ ಜಾನ್ ಬೋನಮ್ ಅಂಬರ್ ಬಣ್ಣದ ವಿಸ್ಟಾಲೈಟ್ ಬಾರಿಸಿದ ಮೇಲೆ ಜಗತ್ತಿನ ರಾಕ್ ಡ್ರಮ್ಮರುಗಳ ಕಣ್ಣು ಅದರ ಮೇಲೆ ಬಿತ್ತು.

ಈಗ ಲೆಕ್ಕಕ್ಕೆ ಬರೋಣ. 12 ಇಂಚು ಅಗಲ, 8 ಇಂಚು ಆಳದ ಒಂದು ಟಾಮ್, ಅಂದರೆ ಡ್ರಮ್ ಸೆಟ್ಟಿನ ನಡುಗಾತ್ರದ ಡ್ರಮ್ಮು, ತೆಗೆದುಕೊಳ್ಳಿ. ಅದರ ಹೆಡ್ ಕಾಲು ಮಿಲಿಮೀಟರ್ ದಪ್ಪದ ಪಾಲಿಯೆಸ್ಟರ್ ಹಾಳೆ. ಕಂಪಿಸುವ ಭಾಗದ ತೂಕ ಸುಮಾರು 25 ಗ್ರಾಂ. ಒಡಲನ್ನು 6 ಮಿ.ಮೀ. ಅಕ್ರಿಲಿಕ್‌ನಿಂದ ಮಾಡಿದರೆ ಅದು ಸುಮಾರು 1.3 ಕೆ.ಜಿ. ತೂಗುತ್ತದೆ, ಅಷ್ಟೇ ದಪ್ಪದ ಮೇಪಲ್ ಮರದ್ದಾದರೆ 800 ಗ್ರಾಂ ಸುತ್ತಮುತ್ತ. ಎರಡರಲ್ಲಿ ಯಾವುದಾದರೂ ಹೆಡ್ಡಿಗಿಂತ ಒಡಲು ಮೂವತ್ತರಿಂದ ಐವತ್ತು ಪಟ್ಟು ಭಾರ. ಕೋಲು ಬಿದ್ದಾಗ ನಿಜವಾಗಿ ಕುಣಿಯುವುದು ಆ 25 ಗ್ರಾಂ. ಒಡಲು ಅಲುಗುವುದು ತೀರ ಅಲ್ಪ.

ಒಳಗಿನ ಗಾಳಿಯನ್ನೂ ತೂಗಿ ನೋಡಿ. ಈ ಟಾಮ್ ಒಳಗೆ ಸುಮಾರು 13 ಲೀಟರ್ ಗಾಳಿ ಹಿಡಿಯುತ್ತದೆ. ಸಮುದ್ರಮಟ್ಟದಿಂದ 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದರ ತೂಕ ಸುಮಾರು 14 ಗ್ರಾಂ, ಅಂದರೆ ಹೆಡ್ಡಿನ ತೂಕದ ಅರ್ಧಕ್ಕೂ ಹೆಚ್ಚು. ಗಾಳಿ ಇಲ್ಲಿ ಖಾಲಿ ಜಾಗವಲ್ಲ, ವಾದ್ಯದ ಒಂದು ಭಾಗ. ಮೇಲಿನ ಹೆಡ್ ಒಳಕ್ಕೆ ಬಗ್ಗಿದಾಗ ಗಾಳಿ ತಳ್ಳಲ್ಪಟ್ಟು ಕೆಳಗಿನ ಹೆಡ್ಡನ್ನು ಹೊರಕ್ಕೆ ದೂಡುತ್ತದೆ. ಎರಡೂ ಒಂದೇ ದಿಕ್ಕಿಗೆ ಸಾಗಿದರೆ ಗಾಳಿ ಹೊರೆಯಾಗಿ ಶ್ರುತಿಯನ್ನು ತಗ್ಗಿಸುತ್ತದೆ. ಎದುರುಬದುರಾಗಿ ಸಾಗಿದರೆ ನಡುವೆ ಹಿಸುಕಿಸಿಕೊಂಡು ಸ್ಪ್ರಿಂಗಿನಂತೆ ಒತ್ತಿ ಶ್ರುತಿಯನ್ನು ಏರಿಸುತ್ತದೆ. ಇದೇ ಟಾಮನ್ನು ಕಡಲತೀರದ ಮಂಗಳೂರಿಗೆ ಒಯ್ದರೆ ಒಳಗಿನ ಗಾಳಿ ಸುಮಾರು ಶೇ. 10ರಷ್ಟು ಭಾರವಾಗುತ್ತದೆ.

ಹಾಗಾಗಿ ‘ಅಕ್ರಿಲಿಕ್ ನಾದ’, ‘ಮರದ ನಾದ’ ಎಂದು ಮಾತಾಡುವಾಗ ಎಚ್ಚರ ಬೇಕು. ಹೆಡ್ಡಿನ ದಪ್ಪ, ಬಿಗುವು, ಒಡಲಿನ ಅಗಲ, ಆಳ ಇವು ನಾದದ ಬಹುಪಾಲನ್ನು ತೀರ್ಮಾನಿಸುತ್ತವೆ. ಒಡಲಿನ ವಸ್ತುವಿಗೆ ಉಳಿಯುವ ಕೆಲಸ ಮೂರು: ದುಂಡಗೆ ನಿಲ್ಲುವುದು, ಹೆಡ್ಡಿನ ಎಳೆತಕ್ಕೆ ಬಗ್ಗದಿರುವುದು, ಹೆಡ್ ಕೂರುವ ಅಂಚನ್ನು ನಿಖರವಾಗಿ ಹಿಡಿದಿಡುವುದು. ಅಕ್ರಿಲಿಕ್ ಮರಕ್ಕಿಂತ ಭಾರ, ಆದರೆ ಬಿರುಸು ಕಡಿಮೆ. ನಾರಿನ ದಿಕ್ಕಿನಲ್ಲಿ ಮೇಪಲ್ ಮರ ಬಾಗುವಿಕೆಯನ್ನು ಅಕ್ರಿಲಿಕ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಬಲವಾಗಿ ತಡೆಯುತ್ತದೆ. ಅಕ್ರಿಲಿಕ್ ಒಡಲನ್ನು ತೀರ ತೆಳ್ಳಗೆ ಮಾಡಲಾಗದು ಎನ್ನುವುದಕ್ಕೆ ಇದೇ ಕಾರಣ.

ಶೀಟು ಒಡಲಾಗುವ ಬಗೆ

ಒಂದು ಟಾಮ್ ಮಾಡೋಣ. 12 ಇಂಚಿನ ಹೆಡ್ ಸಲೀಸಾಗಿ ಕೂರಬೇಕಾದರೆ ಒಡಲಿನ ಹೊರ ಅಗಲ 12 ಇಂಚಿಗಿಂತ ಚೂರು ಕಡಿಮೆ ಇರಬೇಕು, 302 ಮಿ.ಮೀ. ಎಂದು ಹಿಡಿಯಿರಿ. ಶೀಟು ಬಗ್ಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರ ಮಾತ್ರ ತನ್ನ ಉದ್ದ ಉಳಿಸಿಕೊಳ್ಳುತ್ತದೆ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ನಡುವಿನ ಪದರಕ್ಕೆ: 302ರಿಂದ ದಪ್ಪದ 6 ಕಳೆದರೆ 296, ಅದನ್ನು ಪೈಯಿಂದ ಗುಣಿಸಿದರೆ 930 ಮಿ.ಮೀ. ಪಟ್ಟಿ ಇಷ್ಟು ಉದ್ದ ಇರಬೇಕು. 3 ಮಿ.ಮೀ. ಹೆಚ್ಚಾದರೆ ಅಗಲ ಸುಮಾರು 1 ಮಿ.ಮೀ. ಹೆಚ್ಚುತ್ತದೆ, ಹೆಡ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಕತ್ತರಿಸಿದ ಪಟ್ಟಿಯನ್ನು ಒಲೆಯಲ್ಲಿ 150ರಿಂದ 165 ಡಿಗ್ರಿ ಸೆಲ್ಸಿಯಸ್‌ವರೆಗೆ ಸಮನಾಗಿ ಕಾಯಿಸಬೇಕು. ಅಕ್ರಿಲಿಕ್‌ನ ಉದ್ದುದ್ದ ಅಣುಸರಪಳಿಗಳು ಸುಮಾರು 105 ಡಿಗ್ರಿ ದಾಟಿದ ಮೇಲೆ ಒಂದರ ಪಕ್ಕ ಒಂದು ಜಾರತೊಡಗುತ್ತವೆ. ಗಾಜಿನಂತಿದ್ದ ಶೀಟು ರೊಟ್ಟಿಯ ಹಿಟ್ಟಿನಂತೆ ಮೆತ್ತಗಾಗುತ್ತದೆ. ಆಗ ಅದನ್ನು ದುಂಡನೆಯ ಅಚ್ಚಿನ ಸುತ್ತ ಸುತ್ತಿ, ಹತ್ತಿಯ ಬಟ್ಟೆ ಬಿಗಿದು, ತಾನಾಗಿ ತಣ್ಣಗಾಗಲು ಬಿಡಬೇಕು. ಫ್ಯಾನ್ ಹಾಕಿ ಅವಸರಪಟ್ಟರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನ ಪದರಗಳಲ್ಲಿ ಒತ್ತಡ ಸಿಕ್ಕಿಕೊಳ್ಳುತ್ತದೆ.

ಎರಡು ತುದಿಗಳನ್ನು ಕೂಡಿಸುವುದು ಕ್ಲೋರೋಫಾರಂ ಅಥವಾ ಡೈಕ್ಲೋರೋಮೀಥೇನ್ ಥರದ ದ್ರಾವಕ. ಇದು ಗೋಂದಿನ ಹಾಗೆ ನಡುವೆ ಕೂತು ಹಿಡಿದುಕೊಳ್ಳುವುದಿಲ್ಲ. ಎರಡೂ ಮೈಗಳನ್ನು ಕರಗಿಸಿ, ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮಾಡಿ ತಾನು ಆವಿಯಾಗಿ ಹೋಗುತ್ತದೆ. ತುದಿಗಳು ನೇರವಾಗಿದ್ದು ಬಿರುಕಿಲ್ಲದೆ ಕೂಡಿದ್ದರೆ ಸಣ್ಣ ಸಿರಿಂಜಿನಿಂದ ಬಿಟ್ಟ ಹನಿ ತಾನೇ ಸಂದಿನುದ್ದಕ್ಕೂ ಓಡುತ್ತದೆ. ಬಿಳಿಚಿಕೊಂಡಿದ್ದ ಗೆರೆ ಆ ಓಟದ ಹಿಂದೆಯೇ ತಿಳಿಯಾಗುತ್ತ ಹೋಗುತ್ತದೆ. ಗುಳ್ಳೆ ಉಳಿದ ಜಾಗ ಮಾತ್ರ ಮಂಜು ಮಂಜಾಗಿ ಕಾಣುತ್ತದೆ, ಅಲ್ಲೇ ಮುಂದೆ ಬಿರುಕು ಬಿಡುವುದು. ಈ ಆವಿ ದೇಹಕ್ಕೆ ಕೆಟ್ಟದ್ದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಕೂಡದು.

ಹೆಡ್ ಬಿಗಿಯುವ ಬೋಲ್ಟುಗಳನ್ನು ಹಿಡಿಯುವ ಲಗ್ಗುಗಳನ್ನು ಒಡಲಿಗೆ ಕೂರಿಸುವ ತೂತುಗಳೇ ಅಕ್ರಿಲಿಕ್ ಡ್ರಮ್ಮಿಗೆ ಶತ್ರು. ಇದಕ್ಕೂ ಒಂದು ಲೆಕ್ಕವಿದೆ. ಗಾಳಿಯ ಹೊರೆಯನ್ನು ಬದಿಗಿಟ್ಟು ನೋಡಿದರೆ, ನಮ್ಮ ಟಾಮ್ 150 ಹರ್ಟ್ಜ್‌ನಲ್ಲಿ ನುಡಿಯಬೇಕಾದರೆ ಹೆಡ್ಡನ್ನು ಸುತ್ತಲೂ ಒಟ್ಟು 120 ಕೆ.ಜಿ. ತೂಕದಷ್ಟು ಬಲದಿಂದ ಎಳೆದಿರಬೇಕು. ಆರು ಬೋಲ್ಟುಗಳಿಗೆ ಹಂಚಿದರೆ ತಲಾ 20 ಕೆ.ಜಿ. ಹಗಲೂ ರಾತ್ರಿ ಈ ಎಳೆತ ಇದ್ದೇ ಇರುತ್ತದೆ. ಎಳೆತಕ್ಕೆ ಸಿಕ್ಕ ಹಲಗೆಯಲ್ಲಿ ದುಂಡನೆಯ ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಿನವರೆಗೂ ಏರುತ್ತದೆ. ಮರದ ನಾರು ಬಿರುಕನ್ನು ತಡೆದು ನಿಲ್ಲಿಸುತ್ತದೆ. ಅಕ್ರಿಲಿಕ್‌ನಲ್ಲಿ ನಾರಿಲ್ಲ, ಹುಟ್ಟಿದ ಬಿರುಕು ಓಡುತ್ತಲೇ ಹೋಗುತ್ತದೆ. ಅದಕ್ಕೇ ಡ್ರಿಲ್ಲಿನ ಬಿಟ್ ಪ್ಲಾಸ್ಟಿಕ್ಕಿಗೆಂದು ಮಸೆದದ್ದಾಗಿರಬೇಕು, ವೇಗ ಕಡಿಮೆ ಇರಬೇಕು, ತೂತು ಸ್ಕ್ರೂಗಿಂತ ತುಸು ದೊಡ್ಡದಿರಬೇಕು, ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಬೇಕು. ತೂತುಗಳೆಲ್ಲ ಮುಗಿದ ಮೇಲೆ ಒಡಲನ್ನು 80 ಡಿಗ್ರಿ ಸುಮಾರಿನಲ್ಲಿ ಕೆಲವು ಗಂಟೆ ಇಟ್ಟು ನಿಧಾನವಾಗಿ ತಣಿಸಿದರೆ ಒಳಗೆ ಸಿಕ್ಕಿದ್ದ ಒತ್ತಡ ಇಳಿಯುತ್ತದೆ. ಒರೆಸಲು ಸೋಪಿನ ನೀರು ಸಾಕು. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ತಾಗಿದರೆ ಒತ್ತಡವಿರುವ ಕಡೆಯೆಲ್ಲ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ.

ಒಂದು ಮಿಲಿಮೀಟರಿನ ಅಂಚು

ಕೊನೆಯ ಕೆಲಸ ಅಂಚಿನದು. ನಾದ ಗೆಲ್ಲುವುದೂ ಸೋಲುವುದೂ ಇಲ್ಲಿ. ರೂಟರ್ ಯಂತ್ರದಿಂದ ಒಡಲಿನ ಬಾಯಿಯನ್ನು ಒಳಕ್ಕೆ 45 ಡಿಗ್ರಿ ಇಳಿಜಾರಾಗಿ ಕೊರೆಯುತ್ತಾರೆ. ಹೆಡ್ ಒಡಲನ್ನು ಮುಟ್ಟುವುದು ಈ ಇಳಿಜಾರಿನ ಏಣಿನ ಮೇಲೆ ಮಾತ್ರ. ಏಣು ಚೂಪಾಗಿದ್ದರೆ ಹೆಡ್ಡಿಗೆ ತಡೆ ಕಡಿಮೆ, ಮೇಲಿನ ಉಪಸ್ವರಗಳು ಉಳಿದು ನಾದ ಬಹಳ ಹೊತ್ತು ನಿಲ್ಲುತ್ತದೆ. ಏಣನ್ನು ದುಂಡಗೆ ಉಜ್ಜಿದರೆ ಹಾಳೆ ಹೆಚ್ಚು ಅಗಲಕ್ಕೆ ತಾಗಿ, ಉಪಸ್ವರಗಳು ಬೇಗ ಅಡಗಿ, ನಾದ ಗಿಡ್ಡವಾಗಿ ದಪ್ಪನಾಗುತ್ತದೆ. ಅಕ್ರಿಲಿಕ್ ಸೆಟ್ಟಿನ ನಾದ ‘ಖಡಕ್ಕಾಗಿದೆ’ ಎಂದು ಹೊಗಳುವವರು ಎಷ್ಟೋ ಸಲ ಹೊಗಳುತ್ತಿರುವುದು ಅದರ ಚೂಪಾದ ಏಣನ್ನು.

ಅಂಚು ಸಮತಟ್ಟಾಗಿದೆಯೇ ಎಂದು ನೋಡಲು ಪಾಲಿಶ್ ಮಾಡಿದ ಗ್ರಾನೈಟ್ ಬೇಕು. ಜಿಗಣಿಯ ಗ್ರಾನೈಟ್ ಕಾರ್ಖಾನೆಗಳು ಹತ್ತಿರದಲ್ಲೇ ಇರುವ ದಕ್ಷಿಣ ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ಒಡಲನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಅಂಚಿನ ಉದ್ದಕ್ಕೂ ತೆಳುವಾದ ಕಾಗದ ತೂರಿಸುತ್ತ ಬಂದರೆ ಕಾಗದ ಒಳಹೊಕ್ಕ ಕಡೆ ತಗ್ಗಿದೆ ಎಂದು ತಿಳಿಯುತ್ತದೆ. ಮರದ ಒಡಲಿನಲ್ಲಾದರೆ ಕೋಣೆ ಕತ್ತಲು ಮಾಡಿ, ಒಳಗೆ ದೀಪವಿಟ್ಟು ಸಂದಿನ ಬೆಳಕು ನೋಡಬಹುದು. ಒಡಲೇ ಬೆಳಕು ಬಿಡುವಾಗ ಆ ಉಪಾಯ ನಡೆಯದು. ಉಬ್ಬಿದ ಜಾಗವನ್ನು ಕಲ್ಲಿಗೆ ಅಂಟಿಸಿದ ಮರಳುಕಾಗದದ ಮೇಲೆ ಒಡಲನ್ನೇ ತಿರುಗಿಸಿ ಉಜ್ಜಿ ಇಳಿಸಬೇಕು.

ಇಷ್ಟೊಂದು ಹಟ ಏಕೆಂದರೆ, ಅಂಚು ಉಬ್ಬುತಗ್ಗಾಗಿದ್ದರೆ ಹೆಡ್ಡಿನ ಬಿಗುವು ಸುತ್ತಲೂ ಒಂದೇ ಇರುವುದಿಲ್ಲ. ಪೊರೆಯ ಎರಡನೆಯ ಕಂಪನದಲ್ಲಿ ಒಂದು ಅರ್ಧ ಏರಿದಾಗ ಇನ್ನೊಂದು ಅರ್ಧ ಇಳಿಯುತ್ತದೆ. ಇಬ್ಭಾಗ ಮಾಡುವ ಗೆರೆ ಯಾವ ದಿಕ್ಕಿಗಿದ್ದರೂ ಶ್ರುತಿ ಒಂದೇ ಇರಬೇಕು. ಬಿಗುವು ಏರುಪೇರಾದರೆ ಈ ದಿಕ್ಕಿಗೊಂದು, ಆ ದಿಕ್ಕಿಗೊಂದು ಶ್ರುತಿಯಾಗಿ, ಎರಡೂ ಸೇರಿ ‘ವ್ಹಾ ವ್ಹಾ’ ಎಂದು ಅಲೆಯುತ್ತವೆ. ಮೃದಂಗ ವಿದ್ವಾಂಸರು ಕಛೇರಿಗೆ ಮುಂಚೆ ಮುಚ್ಚಿಗೆಯನ್ನು ಸುತ್ತಲೂ ತಟ್ಟುತ್ತ, ಕಲ್ಲಿನಿಂದ ಅಂಚನ್ನು ಅಲ್ಲಲ್ಲಿ ಕುಟ್ಟಿ ಸರಿಪಡಿಸುವುದು ಇದೇ ಅಲೆದಾಟವನ್ನು ನಿಲ್ಲಿಸಲು. ಡ್ರಮ್ ಸೆಟ್ಟಿನವರು ಪ್ರತಿ ಬೋಲ್ಟಿನ ಬಳಿ ತಟ್ಟಿ ಕೀಲಿ ತಿರುಗಿಸುವುದೂ ಅದಕ್ಕೇ. ಎರಡು ಪರಂಪರೆಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಭೌತವಿಜ್ಞಾನವನ್ನು ತಲುಪಿವೆ.

ಅಕ್ರಿಲಿಕ್‌ಗೂ ತನ್ನದೇ ಹಣೆಬರಹವಿದೆ. ತೇವಕ್ಕೆ ಮರದಷ್ಟು ಉಬ್ಬದಿದ್ದರೂ ಬಿಸಿಗೆ ಮರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಜನವರಿಯ ಇರುಳಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇಲ್ಲಿ 15 ಡಿಗ್ರಿಗಿಂತ ಹೆಚ್ಚು ಅಂತರ ಬರುತ್ತದೆ, ಅಷ್ಟಕ್ಕೆ ನಮ್ಮ ಟಾಮಿನ ಅಗಲ ಸುಮಾರು 0.3 ಮಿ.ಮೀ. ಬದಲಾಗುತ್ತದೆ. ಯಾವ ವಸ್ತು ತಂದರೂ ಹೊಸ ಗುಣದ ಜೊತೆ ಹೊಸ ಹೊಣೆಯೂ ಬರುತ್ತದೆ.

ಅಕ್ರಿಲಿಕ್ ಡ್ರಮ್ ಕಟ್ಟಲು ಹೊರಟ ಜಯನಗರದ ಅಥವಾ ಬಿಟಿಎಂನ ತರುಣ ತರುಣಿಯರಿಗೆ ನಾನು ಹೇಳಬಯಸುವುದು ಇದು: ಶೀಟಿನ ಬಣ್ಣ ಆರಿಸುವ ಮೊದಲು ಬಳೇಪೇಟೆಗೆ ಹೋಗಿ ಮೃದಂಗ ಕಟ್ಟುವವರ ಪಕ್ಕ ಕೂತು, ಕರಣೆ ಹಚ್ಚುವಾಗ ಅವರು ಎಲ್ಲಿ ನಿಲ್ಲಿಸಿ ಕೇಳುತ್ತಾರೆ, ಎಲ್ಲಿ ಉಜ್ಜುತ್ತಾರೆ ಎಂದು ನೋಡಿ. ಆಮೇಲೆ ರಾಮನ್ ಪ್ರಬಂಧ ಓದಿ. ಹಣದ ದೊಡ್ಡ ಪಾಲನ್ನು ಒಳ್ಳೆಯ ಹೆಡ್ಡಿಗೂ ಸಮಯದ ದೊಡ್ಡ ಪಾಲನ್ನು ಅಂಚಿಗೂ ಕೊಡಿ. ವಾದ್ಯ ಕಟ್ಟುವವರ ಕಿವಿಯ ಅನುಭವವೂ ಪ್ರಯೋಗಶಾಲೆಯ ಲೆಕ್ಕವೂ ಒಂದೇ ಮೇಜಿನ ಮೇಲೆ ಕೂಡಿದಾಗ, ಮರವಾಗಲಿ ಅಕ್ರಿಲಿಕ್ ಆಗಲಿ, ಡ್ರಮ್ ನುಡಿಯುತ್ತದೆ.